ಒಂದೇ ದಮ್ಮಿನ ಪದ

ಹೋದ ತಿಂಗಳು ಸೇಡಂನಲ್ಲಿ ನಮ್ಮ ಅಡುಗೆಮನೆಯ ಕಟ್ಟೆ ಒಡೆಸಿ ಹೊಸದು ಹಾಕಿಸುತ್ತಿದ್ದೆವು. ಕಲ್ಲು ಕೊಯ್ಯಲು ಬಂದವನು ಹಿತ್ತಲಲ್ಲಿ ಕೂತು ಕೈಮಶೀನು ಹಚ್ಚಿದ. ನಾನು ಒಳಗೆ ತೊಗರಿಬೇಳೆ ತೊಳೆಯುತ್ತಿದ್ದೆ. ಕಿಟಕಿಯಿಂದ ಆ ವಾಸನೆ ಬಂತು. ಕಾದ ಕಬ್ಬಿಣ, ಸುಟ್ಟ ಸುಣ್ಣ ಎರಡೂ ಕಲೆತು, ಗಂಟಲು ಒಣಗಿಸುವ ವಾಸನೆ. ಬೇಳೆಯ ಪಾತ್ರೆ ಅಲ್ಲೇ ಬಿಟ್ಟು ಓಡಿದೆ.

"ನೀರ ಬಿಟ್ಟ ಕೊಯ್ಯಪ್ಪಾ! ಒಣಾದು ಕೊಯ್ಯಬ್ಯಾಡ!"

ಅವನು ಮಶೀನು ನಿಲ್ಲಿಸಿ, ಹುಬ್ಬಿನ ಮೇಲಿನ ಧೂಳು ಒರೆಸಿಕೊಂಡು ನನ್ನನ್ನು ವಿಚಿತ್ರವಾಗಿ ನೋಡಿದ. "ಎರಡ ಕಲ್ಲು ಅದಾವ್ರೀ ಅಕ್ಕಾ, ಐದ ಮಿಂಟಿನ ಕೆಲಸ," ಅಂದ. ನಾನು ಕೇಳಲಿಲ್ಲ. ಪೈಪು ಎಳೆದು ತಂದು, ಅವನು ಮುಗಿಸುವವರೆಗೂ ನಾನೇ ನೀರು ಹಿಡಿದು ನಿಂತೆ. ಇಷ್ಟು ವರ್ಷಗಳಾದ ಮೇಲೂ...

ಆ ವಾಸನೆಯನ್ನು ನಾನು ಶಹಾಬಾದದಲ್ಲಿ ವರ್ಷಗಟ್ಟಲೆ ಒಬ್ಬನ ಅಂಗಿಯಲ್ಲಿ ಕಂಡಿದ್ದೆ. ಅವನು ನಮ್ಮ ಎದುರುಮನೆಯವನು. ನನಗಿಂತ ಆರು ವರ್ಷ ಚಿಕ್ಕವನು, ನನ್ನನ್ನು ಅಕ್ಕಾ ಅನ್ನುತ್ತಿದ್ದ, ನಾನು ತಮ್ಮಾ ಅನ್ನುತ್ತಿದ್ದೆ. ಊರಿನ ಹುಡುಗರು ಅವನಿಗೆ ಬೇರೆ ಏನೋ ಇಂಗ್ಲಿಷ್ ಹೆಸರಿಟ್ಟಿದ್ದರು. ಅದು ಅವನ ಹಾಡಿನ ಕಾರ್ಯಕ್ರಮಗಳ ಪೋಸ್ಟರುಗಳ ಮೇಲೆ ಇರುತ್ತಿತ್ತು. ನಮ್ಮ ಓಣಿಯಲ್ಲಿ ಆ ಹೆಸರಿನಿಂದ ಅವನನ್ನು ಯಾರೂ ಕರೆದದ್ದು ನಾನು ಕೇಳಿಲ್ಲ.

ಆಗ ನಾನು ನಮ್ಮಪ್ಪನ ಫೋಟೊ ಸ್ಟುಡಿಯೊ ನಡೆಸುತ್ತಿದ್ದೆ. ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ಎರಡು ಖೋಲಿ. ಅಪ್ಪನಿಗೆ ಕಣ್ಣು ಮಂಜಾಗುತ್ತ ಮಂಜಾಗುತ್ತ ಒಂದು ದಿನ ಪೂರ್ತಿ ಹೋಯಿತು. ಮದುವೆ ವಿಡಿಯೊ, ಆಲ್ಬಮ್ಮು, ಪಾಸ್‌ಪೋರ್ಟ್ ಫೋಟೊ ಎಲ್ಲ ನನ್ನ ಪಾಲಿಗೆ ಬಂತು. ನಾನು ಮೊದಲಿನಿಂದಲೂ ಹೆದರುವ ಹೆಣ್ಣು. ತಾಳಿ ಕಟ್ಟುವುದು ಒಂದೇ ಸಲ, ಆ ಗಳಿಗೆಯಲ್ಲಿ ಕ್ಯಾಮೆರಾ ನಿಂತರೆ ಗತಿಯೇನು ಎಂದು ಬ್ಯಾಟರಿಯನ್ನು ಮೂರು ಸಲ ತೆಗೆದು ಹಾಕಿ ನೋಡುತ್ತಿದ್ದೆ. ಅಪ್ಪ ಮಾತ್ರ ಲಿಂಗಪೂಜೆ ಮುಗಿಸಿ ಬಂದು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ಯಾವ ಚಿಂತೆಯೂ ಇಲ್ಲದವರಂತೆ ಕೂತಿರುತ್ತಿದ್ದರು.

ಅವನು ಮೊದಲು ಬಂದದ್ದು ಪಾಸ್‌ಪೋರ್ಟ್ ಫೋಟೊ ತೆಗೆಸಲು. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲ ಬಿಳಿ. ಕಲ್ಲಿನ ಪಾಲಿಶ್ ಅಂಗಳದ ಕೆಲಸದಿಂದ ಹಾಗೇ ಬಂದಿದ್ದ. ಮುಖ ತೊಳೆದು ಬಾ ಅಂದೆ.

"ಇರಲಿ ಬಿಡಕ್ಕಾ. ಮುದುಕ ಆದ್ರ ಹ್ಯಾಂಗ ಕಾಣ್ತೀನಿ ಅಂತ ಈಗೇ ನೋಡ್ಕೋತೀನಿ," ಅಂದು ನಕ್ಕ.

ಆ ಮಾತು ಆಗ ನನಗೂ ನಗೆ ತರಿಸಿತ್ತು.

ಫೋಟೊ ಒಣಗುವವರೆಗೆ ಅವನ ಕಣ್ಣು ನಮ್ಮ ಮೈಕಿನ ಮೇಲೆಯೇ ಇತ್ತು. ಮದುವೆ ವಿಡಿಯೊಗಳಿಗೆ ಸ್ವಾಗತದ ಮಾತು ಹೇಳಿಸಲು ಇಟ್ಟಿದ್ದ ಮೈಕು ಅದು. ಒಂದು ಪದ ಕಟ್ಟೀನಿ, ಕೇಳತೀಯೇನು ಅಂದ. ನಾನು ಹೂಂ ಅನ್ನುವುದರೊಳಗೆ ಶುರು ಮಾಡಿಬಿಟ್ಟ. ಕೈಬೆರಳಿನಿಂದ ಟೇಬಲ್ಲಿನ ಮೇಲೆ ತಾಳ, ಬಾಯಲ್ಲಿ ನಮ್ಮ ಓಣಿಯದೇ ಮಾತು.

*ನೀ ನಡದಿ ನಡಮನ್ಯಾಗ, ಕಾಲಿಗಿ ಹತ್ತತದ ತಂಪ,*
*ನಾ ತಿಕ್ಕೀನಿ ಆ ಫರಸಿ, ಕಣ್ಣೆಲ್ಲ ಆಗ್ಯಾವ ಕೆಂಪ,*
*ನಿನ್ನ ಮಾರಿ ಕಾಣತದ, ಕನ್ನಡಿಯಂಗ ಹೊಳಿತದ ಕಲ್ಲ,*
*ನನ್ನ ಮಾರಿ ಧೂಳಾಗ್ಯದ, ಕೇಳವರ ಯಾರೂ ಇಲ್ಲ...*

ಹೀಗೆ ಹನ್ನೆರಡು ಸಾಲು. ನಡುವೆ ಎಲ್ಲಿಯೂ ಉಸಿರು ಎಳೆದುಕೊಳ್ಳಲಿಲ್ಲ. ಮುಗಿದಾಗ ನಾನೇ ಉಸಿರು ಬಿಟ್ಟೆ. ಹೊರಗೆ ಕುರ್ಚಿಯಲ್ಲಿದ್ದ ಅಪ್ಪ ಕೂಗಿ ಕೇಳಿದರು: "ನಮ್ಮ ಎದುರಮನಿ ಹುಡುಗನೇನು ಅವ? ಒಂದೇ ದಮ್ಮಿಗಿ ಹೇಳ್ದನಲ್ಲ!"

ಪದಕ್ಕೆ ಹೆಸರು ಬಂದದ್ದು ಹಾಗೆ. ಒಂದೇ ದಮ್ಮಿನ ಪದ.

ರ‍್ಯಾಪ್ ಅಂದರೆ ಏನೆಂದು ನನಗೆ ಆಗ ಸರಿಯಾಗಿ ಗೊತ್ತಿರಲಿಲ್ಲ. ಅವನಿಗೂ ಯಾರೂ ಕಲಿಸಿರಲಿಲ್ಲ. ಮೊಬೈಲಿನಲ್ಲಿ ಕೇಳಿ ಕೇಳಿ, ಮಶೀನಿನ ಸದ್ದಿನೊಳಗೆ ತನಗೆ ತಾನೇ ಹೇಳಿಕೊಂಡು ಕಲಿತದ್ದು. "ಮಶೀನ ನಡದಾಗ ಯಾರಿಗೂ ಕೇಳಂಗಿಲ್ಲಕ್ಕಾ, ನಾ ಎಷ್ಟ ಒದರಿದ್ರೂ ನಡೀತದ," ಅನ್ನುತ್ತಿದ್ದ. ತನ್ನಪ್ಪ ತೀರಿಹೋದ ಮೇಲೆ ಶಾಲೆ ಬಿಟ್ಟು ಹದಿನಾರನೆಯ ವಯಸ್ಸಿಗೇ ಕಲ್ಲಿನ ಕೆಲಸಕ್ಕೆ ಹೋದವನು. ನೆಲಕ್ಕೆ ಹಾಸುವ ಕಲ್ಲು, ಆ ಫರಸಿಗಳ ಅಂಚು ಕೊಯ್ಯುವುದು ಅವನ ಕೆಲಸ. ದೊಡ್ಡ ಮಶೀನುಗಳಿಗೆ ನೀರಿನ ನಳ ಇರುತ್ತಿತ್ತು, ಅಂಚು ಕೊಯ್ಯುವ ಕೈಮಶೀನಿಗೆ ಇರಲಿಲ್ಲ. ಮುಖಕ್ಕೊಂದು ಟಾವೆಲ್ಲು, ಅಷ್ಟೇ.

ಸ್ಟುಡಿಯೊದ ಒಳಖೋಲಿಯಲ್ಲಿ ನಾವು ರೆಕಾರ್ಡಿಂಗ್ ಶುರು ಮಾಡಿದೆವು. ಅವನ ಅವ್ವ ತನ್ನ ಮನೆಯ ನಾಲ್ಕು ಕೌದಿ ಕೊಟ್ಟಳು, ಹೊರಗಿನ ಸದ್ದು ತಡೆಯಲು ಅವನ್ನು ಗೋಡೆಗೆ ಹೊಡೆದೆವು. ಆದರೂ ರೈಲಿನ ಸದ್ದು ಬಿಡುತ್ತಿರಲಿಲ್ಲ. ಅದಕ್ಕೆ ಅಪ್ಪ ಉಪಾಯ ಹುಡುಕಿದರು. ನಮಗೆ ಕೇಳಿಸುವುದಕ್ಕಿಂತ ಬಹಳ ಮೊದಲು ಅವರಿಗೆ ಹಳಿಯ ಸದ್ದು ಕೇಳುತ್ತಿತ್ತು. ಕೋಲಿನಿಂದ ಬಾಗಿಲು ಬಡಿದು, "ಮಾಲಗಾಡಿ ಬರಲಿಕತ್ತದ, ನಿಂದರ್ರಿ," ಅನ್ನುತ್ತಿದ್ದರು. ನಾವು ಹಾಡು ನಿಲ್ಲಿಸುತ್ತಿದ್ದೆವು, ರೆಕಾರ್ಡಿಂಗ್ ಮಾತ್ರ ಓಡುತ್ತಲೇ ಇರುತ್ತಿತ್ತು. ಗಾಡಿ ಹೋಗುವವರೆಗೆ ಅವನು ಏನಾದರೂ ಮಾತಾಡುತ್ತಿದ್ದ, ಬಾಯಲ್ಲಿ ಗಾಡಿಯ ಸದ್ದನ್ನೇ ಮಾಡಿ ಅಪ್ಪನನ್ನು ನಗಿಸುತ್ತಿದ್ದ, ಅವ್ವ ಕಳಿಸಿದ ಭಜಿ ತಿನ್ನುತ್ತಿದ್ದ. ಆಮೇಲೆ ಮತ್ತೆ, "ಹಾಂ ಅಕ್ಕಾ, ಇನ್ನೊಂದ ಸಲ."

ಆ ಪದವನ್ನು ನೆಟ್ಟಿಗೆ ಹಾಕಿದ ಮೇಲೆ ಅದು ಎಲ್ಲೆಲ್ಲಿ ಹೋಯಿತೋ ನಮಗೆ ತಿಳಿಯಲಿಲ್ಲ. ವಾಡಿಯ ಆಟೊಗಳಲ್ಲಿ ಕೇಳಿದೆ. ಚಿಂಚೋಳಿಯ ಕಡೆ ಟ್ರ್ಯಾಕ್ಟರುಗಳಲ್ಲಿ ಹಚ್ಚುತ್ತಾರೆ ಅಂದರು. ನಾನು ಯಾವ ಊರಿನ ಮದುವೆಗೆ ಕ್ಯಾಮೆರಾ ಹಿಡಿದು ಹೋದರೂ ಡಿಜೆಯವರು ಅದನ್ನೇ ಹಾಕುತ್ತಿದ್ದರು. ಚಿತ್ತಾಪುರದ ಕಾಲೇಜಿನವರು ವರ್ಷದ ಗ್ಯಾದರಿಂಗಿಗೆ ಕರೆದಾಗ ಅವನು ಮೊದಲ ಸಲ ಸ್ಟೇಜು ಹತ್ತಿದ. ನಾನು ಲ್ಯಾಪ್‌ಟಾಪಿನಿಂದ ತಾಳ ಹಚ್ಚಲು ಜೊತೆಗೆ ಹೋಗಿದ್ದೆ. ಹನ್ನೆರಡು ಸಾಲು ಶುರುವಾದಾಗ ಹುಡುಗ ಹುಡುಗಿಯರೆಲ್ಲ ತಾವೂ ಉಸಿರು ಬಿಗಿಹಿಡಿದರು. ಕೊನೆಯ ಸಾಲು ಮುಗಿದ ಮೇಲೆ ಎದ್ದ ಗದ್ದಲದಲ್ಲಿ ನಾನು ಹಚ್ಚಿದ್ದ ತಾಳವೂ ಕೇಳದಾಯಿತು. ಅವನು ಸ್ಟೇಜಿನ ಮೇಲಿಂದ ನನ್ನ ಕಡೆ ನೋಡಿ ಎರಡೂ ಕೈ ಮೇಲೆತ್ತಿದ. ಆ ದಿನದ ಅವನ ಮುಖ ನನಗೆ ಇನ್ನೂ ಹಾಗೇ ಇದೆ... ಇಪ್ಪತ್ತೆರಡು ವರ್ಷದ ಮುಖ.

ಅದೇ ವರ್ಷ ಅವನು ಕಲ್ಲಿನ ಕೆಲಸ ಬಿಟ್ಟ. ಕೇಳಿದವರಿಗೆಲ್ಲ, "ಹಾಡತೀನಿ, ಅದೇ ಕೆಲಸ," ಅನ್ನುತ್ತಿದ್ದ. ಆ ಮಾತು ಹೇಳುವಾಗ ಅವನ ಬೆನ್ನು ನೆಟ್ಟಗಾಗುತ್ತಿತ್ತು.

ಮೊದಲು ಗುರುತಿಸಿದವರು ಕಣ್ಣಿಲ್ಲದ ನಮ್ಮಪ್ಪ. ಒಂದು ದಿನ ಅವನು ಹೋದ ಮೇಲೆ, "ಆ ಹುಡುಗನ ದಮ್ಮ ಮೊದಲಿನಂಗಿಲ್ಲ ನೋಡು," ಅಂದರು. ಏನೋ ನೆಗಡಿ ಅಂದೆ. "ನೆಗಡಿ ಅಲ್ಲ," ಅಂದರು.

ನಾನು ಕಂಪ್ಯೂಟರಿನಲ್ಲಿ ಒಂದೇ ದಮ್ಮಿನ ಪದದ ಹಳೆಯ ರೆಕಾರ್ಡಿಂಗು, ಅವತ್ತಿನ ಹೊಸ ಪದದ್ದು ಎರಡನ್ನೂ ತೆರೆದು ಪಕ್ಕಪಕ್ಕ ಇಟ್ಟು ನೋಡಿದೆ. ದನಿ ಪರದೆಯ ಮೇಲೆ ಗುಡ್ಡದ ಸಾಲಿನಂತೆ ಕಾಣುತ್ತದೆ. ಮಾತುಗಳು ದೊಡ್ಡ ಗುಡ್ಡ, ಉಸಿರು ಸಣ್ಣ ದಿಬ್ಬ. ಹಳೆಯದರಲ್ಲಿ ಹನ್ನೆರಡು ಸಾಲಿಗೆ ಒಂದೂ ದಿಬ್ಬ ಇರಲಿಲ್ಲ. ಹೊಸದರಲ್ಲಿ ಎಂಟನೆಯ ಸಾಲಿನ ಕೊನೆಗೆ ಒಂದಿತ್ತು, ಅದರ ಹಿಂದೆಯೇ ಒಂದು ಕೆಮ್ಮು. ಅವನಿಗೆ ತೋರಿಸಿದೆ. ಅವನು ಆ ದಿಬ್ಬದ ಮೇಲೆ ಬೆರಳಿಟ್ಟ.

"ತಗದ ಬಿಡಕ್ಕಾ ಅದನ್ನ," ಅಂದ.

ತೆಗೆದೆ. ಎಂಟು ಸಾಲು ಒಂದು ಸಲ, ನಾಲ್ಕು ಸಾಲು ಇನ್ನೊಂದು ಸಲ ಹೇಳಿಸಿ ಎರಡನ್ನೂ ಕೂಡಿಸಿದೆ. ಕೂಡಿಸಿದ್ದು ಯಾರಿಗೂ ತಿಳಿಯಲಿಲ್ಲ. ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತಲ್ಲ. ಆಮೇಲಿನ ಪದಗಳಲ್ಲಿ ಎರಡು ತುಂಡು ಮೂರಾಯಿತು, ನಾಲ್ಕಾಯಿತು. ಕೇಳಿದವರು ಬೆರಗಾಗಿ, ಈತನಿಗೆ ಉಸಿರೇ ಬೇಡವೇನು ಎಂದು ಬರೆಯುತ್ತಿದ್ದರು. ಕತ್ತರಿಸಿದ ಕೆಮ್ಮು, ಉಸಿರು, ನಡುವಿನ ಮಾತು ಎಲ್ಲವನ್ನೂ ಅಂದಂದೇ ಅಳಿಸಿಬಿಡುತ್ತಿದ್ದೆ. ಮದುವೆ ವಿಡಿಯೊಗಳಿಂದ ಕಂಪ್ಯೂಟರು ತುಂಬಿರುತ್ತಿತ್ತು, ಜಾಗ ಬೇಕಾಗುತ್ತಿತ್ತು. ಜೊತೆಗೆ ಯಾರ ಕಣ್ಣಿಗಾದರೂ ಬಿದ್ದೀತು ಎಂಬ ಹೆದರಿಕೆ ಬೇರೆ.

ಅವನು ಒಬ್ಬ ಡಾಕ್ಟರರ ಹತ್ತಿರ ಹೋಗಿ ಬಂದ. ಟಿಬಿ ಇರಬಹುದು ಅಂದರಂತೆ. ಆರು ತಿಂಗಳು ಗುಳಿಗೆ ನುಂಗಿದ. ಕಡಿಮೆಯಾಗಲಿಲ್ಲ. ಅಷ್ಟರಲ್ಲಿ ಬೆಂಗಳೂರಿನ ಒಂದು ಕಂಪನಿಯವರು ಫೋನು ಮಾಡಿದರು. ಒಂದೇ ದಮ್ಮಿನ ಪದ ಕೇಳಿದ್ದೇವೆ, ನಮ್ಮಲ್ಲಿಗೆ ಬಂದು ಹೊಸದಾಗಿ ಹಾಡಿ, ಇಡೀ ಆಲ್ಬಮ್ ಮಾಡೋಣ ಅಂದರು. ಅವನು ನನ್ನ ಸ್ಟುಡಿಯೊಕ್ಕೆ ಓಡಿ ಬಂದ. ಓಡಿ ಬಂದವನಿಗೆ ಮಾತು ಹೊರಡಲು ಎಷ್ಟು ಹೊತ್ತು ಬೇಕಾಯಿತು ಅಂದರೆ, ನಾನು ಏನೋ ಕೆಟ್ಟ ಸುದ್ದಿ ಎಂದೇ ತಿಳಿದೆ.

"ಈ ದಮ್ಮಿನ ಮಾತ ಯಾರಿಗೂ ಹೇಳಬ್ಯಾಡಕ್ಕಾ. ಅವ್ವಗಂತೂ ಹೇಳಲೇಬ್ಯಾಡ. ನಿಮ್ಮಪ್ಪನ ಆಣಿ ಮಾಡು."

ಆಣೆ ಮಾಡಿದೆ. ಯಾಕೆ ಮಾಡಿದೆನೋ...

ಅಲ್ಲಿಂದ ಮುಂದೆ ನನಗೆ ನೆಮ್ಮದಿ ಇರಲಿಲ್ಲ. ಅವನ ಅವ್ವ ಬೆಳಿಗ್ಗೆ ನಮ್ಮ ನಳಕ್ಕೆ ನೀರಿಗೆ ಬಂದಾಗ ಅವಳ ಮುಖ ತಪ್ಪಿಸುತ್ತಿದ್ದೆ. ಅವರ ಮನೆಯ ಬಾಗಿಲು ತೆರೆದಿದ್ದರೆ ಗೋಡೆಯ ಮೇಲಿನ ಬುದ್ಧನ ಫೋಟೊ, ಅದರ ಕೆಳಗೆ ಅವಳು ಹಚ್ಚಿಟ್ಟ ಮೇಣಬತ್ತಿ ಕಾಣುತ್ತಿತ್ತು. ಅವಳು ಏನು ಬೇಡಿಕೊಳ್ಳುತ್ತಾಳೋ ಅಂದುಕೊಳ್ಳುತ್ತಿದ್ದೆ. ಒಂದು ದಿನ ಅವಳೇ ಕೇಳಿದಳು: "ಯವ್ವಾ, ಇವ ಯಾಕ ಕುಂತೇ ಮಲಗತಾನ? ಗ್ವಾಡಿಗಿ ದಿಂಬ ಇಟಗೊಂಡು?" ಹಾಡು ಬರೆಯುತ್ತಾನೆ, ಹಾಗೇ ನಿದ್ದೆ ಹತ್ತಿರಬೇಕು ಅಂದೆ. ಅವಳು ಹೂಂ ಅಂದಳು. ಕೊಡ ಎತ್ತಿಕೊಂಡು ಹೋದಳು.

ಬೆಂಗಳೂರಿಗೆ ಹೋಗುವ ಮೊದಲು ಸೇಡಂನಲ್ಲಿ ಒಂದು ದೊಡ್ಡ ಕಾರ್ಯಕ್ರಮವಿತ್ತು. ಸಂಜೆಯ ಹೊತ್ತು, ಮೈದಾನದ ತುಂಬ ಮಂದಿ. ಅವನ ಹೆಸರೇ ಪೋಸ್ಟರಿನ ಮೇಲೆ ಎಲ್ಲಕ್ಕಿಂತ ದೊಡ್ಡದು. ಸ್ಟೇಜಿನ ಹಿಂದೆ ನಿಂತಾಗ ನನ್ನ ಕಿವಿಯ ಹತ್ತಿರ ಬಂದು ಹೇಳಿದ: "ಐದನೇ ಸಾಲಿಗಿ ನಾ ಎಡಗೈ ಎತ್ತತೀನಿ. ಆವಾಗ ಮೈಕ ಬಂದ್ ಮಾಡಿ ನೀ ರೆಕಾರ್ಡ ಹಚ್ಚು. ನಾ ಬಾಯಿ ಆಡಸ್ತೀನಿ."

ನಾನು ಲ್ಯಾಪ್‌ಟಾಪಿನ ಕೀಲಿಯ ಮೇಲೆ ಬೆರಳಿಟ್ಟು ಕೂತೆ. ಮೊದಲ ಎರಡು ಪದ ಹೇಗೋ ಆದವು. ಆಮೇಲೆ ಮಂದಿ ಒಂದೇ ಸಮನೆ, "ಒಂದೇ ದಮ್ಮು! ಒಂದೇ ದಮ್ಮು!" ಎಂದು ಕೂಗತೊಡಗಿದರು. ಅವನು ಶುರು ಮಾಡಿದ. ಮೂರನೆಯ ಸಾಲಿಗೇ ಅವನ ಕತ್ತಿನ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ನಾಲ್ಕು. ಕೈ ಏಳಲಿಲ್ಲ. ಐದರ ಅರ್ಧಕ್ಕೆ ಕೈ ಎದ್ದಿತು, ಎದ್ದದ್ದಲ್ಲ, ಆಸರೆಗೆ ಹುಡುಕಿದಂತೆ ಗಾಳಿಯಲ್ಲಿ ಆಡಿತು. ನಾನು ಕೀಲಿ ಒತ್ತಿದೆ. ಎರಡು ವರ್ಷದ ಹಿಂದಿನ ಅವನ ದನಿ, ಗಟ್ಟಿಮುಟ್ಟಾದ ದನಿ, ಮೈದಾನದ ತುಂಬ ಹರಡಿತು. ಅವನು ಮೈಕು ಹಿಡಿದು ಬಾಯಿ ಆಡಿಸುತ್ತ ನಿಂತಿದ್ದ. ಬಾಯಿ ಆಡಿಸುವುದಕ್ಕೂ ಅವನಿಗೆ ಆಗುತ್ತಿರಲಿಲ್ಲ. ಕಣ್ಣು ಮಾತ್ರ ನನ್ನ ಮೇಲಿತ್ತು. ಆ ಕಣ್ಣಿನಲ್ಲಿದ್ದ ಹೆದರಿಕೆಯನ್ನು ಆ ಮಂದಿಯಲ್ಲಿ ಒಬ್ಬರೂ ನೋಡಲಿಲ್ಲ. ಶಿಳ್ಳೆ, ಚಪ್ಪಾಳೆ, ಮೊಬೈಲುಗಳ ಬೆಳಕು...

ಕೆಳಗಿಳಿದು ಬಂದವನು ಸ್ಟೇಜಿನ ಹಿಂದಿನ ಬಿದಿರಿನ ಕಂಬ ಹಿಡಿದು ಕೂತ. ತುಟಿ ನೀಲಿಗಟ್ಟಿತ್ತು. ನೀರು ಕೊಟ್ಟೆ, ಕುಡಿಯಲಾಗಲಿಲ್ಲ. ದಮ್ಮು ತಿರುಗಿ ಬಂದ ಮೇಲೆ ಒಂದೇ ಮಾತು ಅಂದ: "ಅವರು ಚಪ್ಪಾಳಿ ಹೊಡದಿದ್ದು ನನಗಲ್ಲಕ್ಕಾ."

ಮರುದಿನ ಬೆಳಿಗ್ಗೆ ನಾನು ಆಣೆ ಮುರಿದೆ. ಅಪ್ಪನಿಗೆ ಮೊದಲು ಹೇಳಿದೆ. "ನನ್ನ ಆಣಿ ಅಲ್ಲೇನು? ನನಗೇನೂ ಆಗಂಗಿಲ್ಲ. ಹೋಗು, ಹೇಳು," ಅಂದರು. ಎದುರುಮನೆಗೆ ಹೋದೆ. ಅವನು ಸ್ನಾನಕ್ಕೆ ಹೋಗಿದ್ದ. ಅವನ ಅವ್ವ ಜೋಳದ ಹಿಟ್ಟು ನಾದುತ್ತಿದ್ದಳು. ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ, ಕತ್ತರಿಸಿದ ಕೆಮ್ಮು, ಕೂಡಿಸಿದ ತುಂಡು, ಸೇಡಂನ ಸ್ಟೇಜು. ಅವಳು ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳ ಕೈ ಹಿಟ್ಟಿನಲ್ಲಿ ಸುಮ್ಮನೆ ನಿಂತಿತು.

"ನನಗ ಗೊತ್ತದವ್ವಾ. ಅವನ ಕರ್ಚೀಪ ಒಗಿಯಾಕಿ ನಾನಲ್ಲೇನು? ಅವರಪ್ಪಂದೂ ಹಿಂಗೇ ಇತ್ತು. ಅವಂಗೂ ಟಿಬಿ ಅಂದ್ರು, ಗುಳಿಗಿ ಕೊಟ್ರು, ಹ್ವಾದ. ನನಗ ಗೊತ್ತದ ಅಂತ ಇವಂಗ ತಿಳದ್ರ ಇವ ಹಾಡಾದು ಬಿಟ್ಟಾನು ಅಂತ ಸುಮ್ಮಿದ್ದೆ."

ಮಗ ಅವ್ವನಿಂದ ಮುಚ್ಚಿಟ್ಟಿದ್ದ. ಅವ್ವ ಮಗನಿಂದ ಮುಚ್ಚಿಟ್ಟಿದ್ದಳು. ನಡುವೆ ನಾನೊಬ್ಬಳು ಇಬ್ಬರ ಮುಖವನ್ನೂ ತಪ್ಪಿಸಿಕೊಂಡು ತಿರುಗುತ್ತಿದ್ದೆ. ಅಷ್ಟು ತಿಂಗಳು.

ಕಲಬುರಗಿಯ ಒಂದು ದೊಡ್ಡ ಆಸ್ಪತ್ರೆಗೆ ಮೂವರೂ ಹೋದೆವು. ಅಲ್ಲಿನ ಡಾಕ್ಟರು ವಯಸ್ಸಾದ ಹೆಂಗಸು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ತಿರುಗಿ ಅವನನ್ನು ನೋಡಿ ಕೇಳಿದರು.

"ಏನು ಕೆಲಸ ಮಾಡ್ತೀಯಪ್ಪಾ?"

"ಹಾಡತೀನ್ರಿ. ರ‍್ಯಾಪರ್ ಇದ್ದೀನಿ."

"ಅದಕ್ಕೂ ಮೊದಲು?"

ಅವನು ಅವ್ವನ ಕಡೆ ನೋಡಿದ. "ಫರಸಿ ಕೊಯ್ತಿದ್ದೆರಿ."

"ನೀರು ಬಿಟ್ಟೋ, ಒಣದೋ?"

"ಒಣದು."

ಡಾಕ್ಟರು ಪೆನ್ನು ಕೆಳಗಿಟ್ಟರು. ಮೊದಲಿನ ಡಾಕ್ಟರು ಈ ಪ್ರಶ್ನೆ ಕೇಳಿದಾಗಲೂ ಅವನು ಹಾಡತೀನಿ ಅಂದಿದ್ದನಂತೆ. ಅವರು ಮುಂದೆ ಕೇಳಿರಲಿಲ್ಲ, ಇವನು ಹೇಳಿರಲಿಲ್ಲ. ಆರು ವರ್ಷದ ಕಲ್ಲಿನ ಧೂಳು ಎದೆಯೊಳಗೆ ಗಟ್ಟಿಯಾಗಿದೆ, ಅದು ಟಿಬಿಯಲ್ಲ, ಹೊರಗೆ ತೆಗೆಯುವ ಔಷಧ ಇಲ್ಲ, ಹೆಚ್ಚಾಗದಂತೆ ನೋಡಿಕೊಳ್ಳಬೇಕು ಅಷ್ಟೇ ಎಂದು ಡಾಕ್ಟರು ನಿಧಾನವಾಗಿ ಹೇಳಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ಕೇಳಿದ್ದು ಒಂದೇ: "ಹಾಡಬಹುದೇನ್ರಿ?"

"ಸಣ್ಣ ಸಣ್ಣದು ಹಾಡು," ಅಂದರು ಡಾಕ್ಟರು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅವನು ನಕ್ಕ. "ಸಣ್ಣ ಸಣ್ಣದು ಹಾಡಬೇಕಂತ ನೋಡಕ್ಕಾ," ಅಂದ. ನಗುತ್ತಲೇ ಕೆಮ್ಮು ಬಂತು.

ಬೆಂಗಳೂರಿನವರಿಗೆ ಅವನೇ ಫೋನು ಮಾಡಿದ, ನನ್ನ ಎದುರಿಗೇ. ಆಮೇಲಿನ ಪದಗಳೆಲ್ಲ ತುಂಡು ತುಂಡು ಕೂಡಿಸಿದ್ದು, ಈಗ ನನಗೆ ಒಂದೇ ದಮ್ಮಿಗೆ ಹೇಳಲು ಆಗುವುದಿಲ್ಲ ಅಂದ. ಅದರಲ್ಲೇನಿದೆ, ಎಲ್ಲರೂ ಹಾಗೇ ಮಾಡುತ್ತಾರೆ, ನೀವು ಬನ್ನಿ ಅಂದರು ಅವರು. "ಎಲ್ಲಾರೂ ಮಾಡಬಹುದ್ರಿ. ನಾ ಮಂದಿಗಿ ಹೇಳಿದ್ದು ಒಂದೇ ದಮ್ಮಂತ," ಅಂದು ಇಟ್ಟುಬಿಟ್ಟ. ನನಗೆ ಅಲ್ಲಿಯೇ ನೆಲ ಬಿರಿಯಬಾರದೇ ಅನ್ನಿಸಿತು. ಕೂಡಿಸಿದ ಕೈ ನನ್ನದು. ಅವನು ಆ ಮಾತನ್ನು ಒಂದು ಸಲವೂ ಎತ್ತಲಿಲ್ಲ.

ಕೊನೆಯ ಪದವನ್ನು ರೆಕಾರ್ಡ್ ಮಾಡಲು ಹನ್ನೊಂದು ದಿನ ಬೇಕಾಯಿತು. ದಿನಕ್ಕೆ ಒಂದಿಷ್ಟು. ಒಂದು ಸಾಲಿಗೆ ಒಂದೋ ಎರಡೋ ಮಾತು.

*ಉಸರ ಅದ.*
*ಜರಾ ಅದ.*
*ಅಷ್ಟ್ರಾಗ*
*ಹೇಳತೀನಿ.*

ಕಲ್ಲಿನ ಅಂಗಳಗಳಲ್ಲಿ ದುಡಿಯುವವರಿಗೆ ಹೇಳಿದ ಪದ ಅದು. ನೀರು ಕೇಳ್ರಿ, ಒಣದು ಕೊಯ್ಯಬ್ಯಾಡ್ರಿ, ಡಾಕ್ಟರ ಕೇಳಿದ್ರ ಕಲ್ಲಿನ ಕೆಲಸ ಅಂತ ಹೇಳ್ರಿ, ನಾಚಬ್ಯಾಡ್ರಿ. ನಾಚಬ್ಯಾಡ್ರಿ ಅನ್ನುವಲ್ಲಿ ಅವನಿಗೆ ಕೆಮ್ಮು ಬಂತು. ನನ್ನ ಕೈ ರೂಢಿಯಂತೆ ಕತ್ತರಿಸಲು ಹೋಯಿತು. ಅವನು ನನ್ನ ಕೈಯ ಮೇಲೆ ಕೈ ಇಟ್ಟ.

"ಈ ಸಲ ಬ್ಯಾಡಕ್ಕಾ. ಅದೂ ಇರಲಿ."

ಹಾಗೇ ಬಿಟ್ಟೆ, ಹಾಗೇ ನೆಟ್ಟಿಗೆ ಹಾಕಿದೆವು. ಇದು ಡಿಜೆಗಳಲ್ಲಿ ಬರಲಿಲ್ಲ, ಕುಣಿಯುವ ಪದವಲ್ಲವಲ್ಲ. ಆದರೆ ಶಹಾಬಾದದ ಅಂಗಳಗಳಲ್ಲಿ, ವಾಡಿಯ ಕಡೆ, ಮಂದಿ ಊಟಕ್ಕೆ ಕೂತಾಗ ಹಚ್ಚಿಕೊಂಡು ಕೇಳಿದರು. ಒಂದು ವಾರದ ಮೇಲೆ ಯಾರೋ ಒಬ್ಬರು ಎಕ್ಸ್‌ರೇ ಕವರು ಹಿಡಿದು ಸ್ಟುಡಿಯೊಕ್ಕೆ ಬಂದು, "ಆ ಹಾಡಿನ ಹುಡುಗ ಎಲ್ಲಿ ತೋರಿಸ್ದ?" ಅಂತ ಕೇಳಿದರು. ಆಮೇಲೆ ಇನ್ನೊಬ್ಬರು. ಆಸ್ಪತ್ರೆಯ ವಿಳಾಸವನ್ನು ಚೀಟಿಗಳಲ್ಲಿ ಬರೆದು ಅಪ್ಪನ ಕೈಯಲ್ಲಿ ಕೊಟ್ಟಿದ್ದೆ, ಅಪ್ಪ ಬಂದವರಿಗೆ ಒಂದೊಂದು ಕೊಡುತ್ತಿದ್ದರು. ಕೆಲವು ಅಂಗಳಗಳಲ್ಲಿ ಕೈಮಶೀನಿಗೂ ನೀರಿನ ಪೈಪು ಬಂತು. ಕೆಲವು ಕಡೆ ನೀರು ಕೇಳಿದವನನ್ನೇ ಕೆಲಸದಿಂದ ಬಿಡಿಸಿದರು. ಎರಡೂ ಸುದ್ದಿಯನ್ನು ಅವನು ಗೋಡೆಗೆ ದಿಂಬು ಇಟ್ಟುಕೊಂಡು ಕೂತು ಕೇಳುತ್ತಿದ್ದ.

ಅವನು ಹೋದ ದಿನ ನಾನು ಐನಾಪುರದಲ್ಲಿ ಮದುವೆಯೊಂದಕ್ಕೆ ಕ್ಯಾಮೆರಾ ಹಿಡಿದಿದ್ದೆ. ಮಧ್ಯಾಹ್ನ. ಮದುಮಗನ ಮೆರವಣಿಗೆ ಬರುತ್ತಿತ್ತು. ಡಿಜೆಯವನು ಒಂದೇ ದಮ್ಮಿನ ಪದ ಹಚ್ಚಿದ. ಹುಡುಗರು ಕುಣಿಯುತ್ತಿದ್ದರು, ನಾನು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಶೂಟಿಂಗ್ ಮಾಡುತ್ತಿದ್ದೆ. ಕಿಸೆಯಲ್ಲಿ ಫೋನು ಗುರುಗುಟ್ಟಿದ್ದು ತಿಳಿಯಿತು, ಕೈ ಬಿಡುವಿರಲಿಲ್ಲ. ಹನ್ನೆರಡನೆಯ ಸಾಲು ಮುಗಿದು ಎಲ್ಲರೂ ಹೋ ಎಂದು ಕೂಗಿದ ಮೇಲೆ ಫೋನು ತೆಗೆದೆ. ಅಪ್ಪ. "ಬಾರವ್ವಾ," ಅಂದರು. ಹಿಂದೆ ಅವನ ಅವ್ವನ ಅಳು ಕೇಳುತ್ತಿತ್ತು. ಇತ್ತ ಡಿಜೆಯವನು ಪದವನ್ನು ಮತ್ತೆ ಮೊದಲಿನಿಂದ ಹಚ್ಚಿದ...

ನಾನು ಮದುವೆಯಾಗಿ ಸೇಡಂಗೆ ಬಂದು ಮೂರು ವರ್ಷವಾಯಿತು. ಅಪ್ಪ ನನ್ನ ಜೊತೆಯೇ ಇದ್ದಾರೆ. ಅವನ ಅವ್ವ ಗುಂಡಗುರ್ತಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೋದ ದೀಪಾವಳಿಗೆ ನೋಡಲು ಹೋಗಿದ್ದೆ. ಅವಳಿಗೆ ಕೊಡಲೆಂದು ಅವನ ಹಾಡುಗಳನ್ನೆಲ್ಲ ಒಂದು ಮೊಬೈಲಿಗೆ ತುಂಬಿಕೊಂಡು ಒಯ್ದಿದ್ದೆ. ಅವಳು ಅದನ್ನು ತೆಗೆದುಕೊಂಡು ಉಡಿಯಲ್ಲಿ ಇಟ್ಟುಕೊಂಡಳು. ಆಮೇಲೆ ಕೇಳಿದಳು.

"ಯವ್ವಾ, ಹಾಡಿನಾಗ ಅವ ಊರ ಮಂದಿ ಕೂಡ ಮಾತಾಡತಾನ. ನನ್ನ ಕೂಡ ಮಾತಾಡಂಗಿಲ್ಲ. ನಡುವ ಗಾಡಿ ಬಂದಾಗ ಸುಮ್ಮ ಏನೇನರ ಅಂತಿದ್ದನಲ್ಲ, ನಗತಿದ್ದನಲ್ಲ, ಭಜಿ ತಿನ್ನುವಾಗ ಅವ್ವ ಖಾರ ಹಾಕ್ಯಾಳಂತ ಒದರತಿದ್ದನಲ್ಲ. ಅದು ಏನರ ಉಳದದೇನು ನಿನ್ನ ಕಡಿ?"

ಹುಡುಕುತ್ತೇನೆ ಅಂದೆ.

ಉಳಿದಿಲ್ಲ ಎಂದು ಆಗಲೇ ಗೊತ್ತಿತ್ತು. ಆದರೂ ಮನೆಗೆ ಬಂದು ಹಳೆಯ ಹಾರ್ಡ್‌ಡಿಸ್ಕುಗಳನ್ನೆಲ್ಲ ತೆಗೆದು ಹುಡುಕಿದೆ. ಯಾರು ಯಾರದೋ ಅರಿಶಿಣ, ಯಾರು ಯಾರದೋ ತಾಳಿ, ಕೇಕು ಕತ್ತರಿಸುವ ಮಕ್ಕಳು. ಅವನ ಒಂದು ಮಾತೂ ಇಲ್ಲ. ಅವಳ ಫೋನು ಬಂದಾಗಲೆಲ್ಲ ಎತ್ತುತ್ತಿರಲಿಲ್ಲ. ಆಮೇಲೆ ಕೆಲಸದಲ್ಲಿದ್ದೆ ಎಂದು ಸುಳ್ಳು ಹೇಳುತ್ತಿದ್ದೆ. ಸುಳ್ಳು ಹೇಳುವುದನ್ನು ಆ ಮನೆಯ ಜೊತೆ ನಾನು ಎಂದೋ ಕಲಿತಿದ್ದೆ.

ನಿನ್ನೆ ಮಧ್ಯಾಹ್ನ ಮತ್ತೆ ಫೋನು ಬಂತು. ಪಕ್ಕದಲ್ಲಿ ಕೂತಿದ್ದ ಅಪ್ಪ, "ಎತ್ತು," ಅಂದರು. ಎತ್ತಿದೆ. ಅವಳು ಏನೂ ಕೇಳುವ ಮೊದಲೇ ಹೇಳಿದೆ.

"ಇಲ್ಲವ್ವಾ. ಒಂದೂ ಇಲ್ಲ. ನಾನೇ ಅಳಿಸೀನಿ, ಎಲ್ಲಾನೂ."

ಆ ಕಡೆ ಎಲ್ಲೋ ಒಂದು ಎಮ್ಮೆ ಕೂಗಿತು. ಅವಳ ಉಸಿರು ಕೇಳುತ್ತಿತ್ತು, ಎಳೆದು ಬಿಡುವುದು, ಎಳೆದು ಬಿಡುವುದು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತೇ ಇದ್ದೆ.

"ಹೋಗ್ಲಿ ಬಿಡವ್ವಾ," ಅಂದಳು ಕೊನೆಗೆ. "ಊಟ ಆತೇನು ನಿಂದು?"

ಆಗಿರಲಿಲ್ಲ. ಇಲ್ಲ ಅಂದೆ.

"ಉಣ್ಣು ಮೊದಲ," ಅಂದಳು. ನಾನು ಅಳುವುದು ನಿಲ್ಲುವವರೆಗೂ ಅವಳು ಫೋನು ಇಡಲಿಲ್ಲ.